ಅನುಮಾನದಕ್ಕನ ಉಸಿರೆಣಿಸುವ ಪೆಟ್ಟಿಗೆ

ಹಾಲಿನ ಪ್ಯಾಕೆಟ್ ತಂದರೆ ತಾರೀಖು ಓದುತ್ತಾಳೆ, ಓದಿ ಮೂಸುತ್ತಾಳೆ, ಮೂಸಿದ ಮೇಲೂ ಚಮಚದಷ್ಟು ಕಾಯಿಸಿ ನೋಡುತ್ತಾಳೆ. ಬಾಗಿಲಿಗೆ ಬೀಗ ಹಾಕಿ ನಾಲ್ಕು ಸಲ ಜಗ್ಗುತ್ತಾಳೆ. ಬೀದಿಯ ತಿರುವಿನವರೆಗೆ ಹೋದವಳು ವಾಪಸು ಬಂದು ಐದನೆಯ ಸಲ ಜಗ್ಗುತ್ತಾಳೆ. ಕೆಲಸದ ಕಡೆ ಎದುರಿಗೆ ಎಲ್ಲರೂ ‘ಅಕ್ಕಾ’ ಎನ್ನುವವರೇ. ಬೆನ್ನ ಹಿಂದೆ ಮಾತ್ರ ಅನುಮಾನದಕ್ಕ. ಅದು ಅವಳಿಗೆ ಗೊತ್ತಿಲ್ಲವೆಂದುಕೊಂಡಿರಾ? ಮೊದಲು ಹಾಗೆಂದವರು ಯಾರು ಎನ್ನುವುದೂ ಅವಳಿಗೆ ಗೊತ್ತು.

ಮೂವತ್ತೊಂದು ವರ್ಷದಿಂದ ಅವಳ ಕಸುಬು ರೇಡಾರ್ ವಿನ್ಯಾಸ. ಕೆಲವು ರೇಡಾರ್‌ಗಳು ಒಮ್ಮೆ ಕೂಗಿ, ಬಾಯಿ ಮುಚ್ಚಿ, ಪ್ರತಿಧ್ವನಿಗೆ ಕಾಯುತ್ತವೆ. ಅಕ್ಕನದು ಆ ಜಾತಿಯದಲ್ಲ. ಇದು ಉಸಿರು ಬಿಡದೆ ಕೂಗುತ್ತಲೇ ಇರುತ್ತದೆ, ಕೂಗುತ್ತಲೇ ಕೇಳಿಸಿಕೊಳ್ಳುತ್ತದೆ. ಅಲ್ಲಾಡದ ಗೋಡೆ, ಮಂಚ ಇದಕ್ಕೆ ಲೆಕ್ಕಕ್ಕಿಲ್ಲ. ಅಲ್ಲಾಡಿದ್ದೇ ತಡ, ಹಿಡಿಯುತ್ತದೆ. ದೊಡ್ಡ ತಲೆನೋವು ಒಂದೇ. ತನ್ನ ಕೂಗೇ ತನ್ನ ಕಿವಿಗೆ ನುಗ್ಗಿಬಿಡುತ್ತದೆ. ಅದಕ್ಕೇ ಹೊಸದಾಗಿ ಸೇರಿದವರಿಗೆಲ್ಲ ಅಕ್ಕ ಮೊದಲ ದಿನವೇ ಹೇಳುತ್ತಿದ್ದಳು: “ಏನೇ ತಪ್ಪು ಕಂಡ್ರೂ ಮೊದಲು ನಿಮ್ಮ ಮೇಲೇ ಅನುಮಾನ ಪಡಿ.”

ಹೇಳುವುದೇನೋ ಹೇಳುತ್ತಿದ್ದಳು. ಅವಳ ಕೈಚೀಲದಲ್ಲಿ ದೋಷಗಳನ್ನು ಬರೆಯುವ ದಪ್ಪ ಪುಸ್ತಕವೊಂದಿತ್ತು. ಅದರ ಕೊನೆಯ ಕಾಲಮ್ಮಿಗೆ ‘ಯಾರ ಮೇಲೆ ಅನುಮಾನ’ ಎಂದು ಅವಳೇ ಗೆರೆ ಎಳೆದು ತಲೆಬರಹ ಕೊಟ್ಟಿದ್ದಳು. ಅಲ್ಲಿ ಕೇಬಲ್ ಇತ್ತು, ಕರೆಂಟು ಇತ್ತು, ಎಲ್ಲಕ್ಕಿಂತ ಹೆಚ್ಚಾಗಿ ಬೆಸುಗೆಪ್ಪ ಇದ್ದ. ಇಪ್ಪತ್ತು ವರ್ಷದಿಂದ ಅವಳ ಸರ್ಕ್ಯೂಟುಗಳಿಗೆ ಬೆಸುಗೆ ಹಾಕುತ್ತಿದ್ದ ಈ ಮನುಷ್ಯನಿಗೆ ಆ ಹೆಸರು ಇಟ್ಟವಳೂ ಅವಳೇ. ಅಕ್ಕನ ಹೆಸರು ಮಾತ್ರ ಆ ಕಾಲಮ್ಮಿನಲ್ಲಿ ಒಂದು ಸಲವೂ ಬಂದಿರಲಿಲ್ಲ.

ಮನೆಯಲ್ಲಿದ್ದವಳು ತಂಗಿ ಒಬ್ಬಳೇ. ಆರು ವರ್ಷದ ಹಿಂದೆ ಲಕ್ವ ಹೊಡೆದು ಬಲಭಾಗ ಹೋಯಿತು, ಮಾತು ತಡವರಿಸುವಂತಾಯಿತು. ಆಮೇಲೆ ಎರಡು ಸಲ ಮಲಗಿದಲ್ಲೇ ಉಸಿರು ನಿಂತಿತ್ತು. ಎರಡು ಸಲವೂ ಅಕ್ಕ ಪಕ್ಕದಲ್ಲಿದ್ದದ್ದರಿಂದ ಜೀವ ಉಳಿಯಿತು. ಅಂದಿನಿಂದ ತಂಗಿ ಕಣ್ಣು ಮುಚ್ಚಿದರೆ ಸಾಕು, ಹೊಟ್ಟೆಯ ಮೇಲೆ ಅಕ್ಕನ ಕೈ. ಅವಳು ಕೆಲಸಕ್ಕೆ ಹೋದಾಗ ನೋಡಿಕೊಳ್ಳುವ ಹೆಂಗಸಿಗೂ ಅದೇ ಅಪ್ಪಣೆ. ಮೈಗೆ ಅಂಟಿಸುವ ವೈರುಗಳಿಂದ ತಂಗಿಯ ಚರ್ಮ ಬೊಬ್ಬೆ ಏಳುತ್ತಿತ್ತು. ಹಾಗೆ ಹುಟ್ಟಿದ್ದು ಈ ಪೆಟ್ಟಿಗೆ: ಗೋಡೆಯಲ್ಲಿ ಕೂತು, ಎದೆಯ ಏರಿಳಿತ ಹಿಡಿದು, ಉಸಿರು ನಿಂತರೆ ಕೂಗಿಕೊಳ್ಳುವ ರೇಡಾರ್. ಇದನ್ನು ನಂಬಬಹುದಾದರೆ ಕೈ ತೆಗೆಯಬಹುದು. ನಂಬಿ ಮೋಸಹೋದರೆ ತಂಗಿಯೇ ಇರುವುದಿಲ್ಲ.

ರಜೆಯ ದಿನ ಮಧ್ಯಾಹ್ನ ಬೆಸುಗೆಪ್ಪ ಬಂದು ಪೆಟ್ಟಿಗೆಯನ್ನು ಗೋಡೆಗೆ ಕೂರಿಸಿದ. ಅದರ ಜೊತೆಗಿನ, ಕೈಯಲ್ಲಿ ಹಿಡಿಯುವ ಪರದೆಯ ಮೇಲೆ ಅಂಕಿ ಮೂಡಿತು. ನಿಮಿಷಕ್ಕೆ ಹನ್ನೆರಡು.

ಅಕ್ಕ ತಂಗಿಯ ಹೊಟ್ಟೆಯ ಮೇಲೆ ಕೈಯಿಟ್ಟು ಗಡಿಯಾರ ನೋಡಿದಳು. ಹದಿನೆಂಟು.

“ಸ್ವಲ್ಪ ಜೋರಾಗಿ ಉಸಿರಾಡೇ,” ಎಂದಳು. ತಂಗಿ ಪಾಪ ಏದುಸಿರು ಬಿಟ್ಟಳು. ಪೆಟ್ಟಿಗೆ ಹನ್ನೆರಡು ಎಂದಿತು. ನಿಧಾನಕ್ಕೆ ಬಿಟ್ಟಳು. ಆಗಲೂ ಹನ್ನೆರಡು. ಮನುಷ್ಯರ ಉಸಿರು ಎಲ್ಲಾದರೂ ಹೀಗೆ ಗೆರೆ ಎಳೆದಂತೆ ಇರುತ್ತದೆಯೇ? ಅಕ್ಕ ಬೆಸುಗೆಪ್ಪನ ಮುಖವನ್ನೇ ದಿಟ್ಟಿಸಿದಳು. ಅವನು ಬೆವರುತ್ತಿದ್ದ. ಏಕೆ ಬೆವರಬೇಕು, ಫ್ಯಾನ್ ತಿರುಗುತ್ತಿರುವಾಗ?

“ಅಂಕಿ ಒಳಗೇ ಬರೆದಿಟ್ಟಿದೀಯ, ಅಲ್ವಾ?”

“ಏನಕ್ಕಾ?”

“ನಾಟಕ ಬೇಡ. ಬೇಗ ಮುಗಿಸಿ ಕೈ ತೊಳ್ಕೊಳ್ಳೋಣ ಅಂತ ಹನ್ನೆರಡು ಅಂತ ಕೂರಿಸಿಬಿಟ್ಟಿದೀಯ.”

ಬೆಸುಗೆಪ್ಪನ ಮುಖ ಕಪ್ಪಿಟ್ಟಿತು. “ಇಪ್ಪತ್ತು ವರ್ಷ ಆ ಪುಸ್ತಕದಲ್ಲಿ ನನ್ನ ಹೆಸರು ಬರೆದ್ರಿ, ಹೋಗಲಿ ಬಿಡು ಅಂತ ಸುಮ್ನಿದ್ದೆ. ತಂಗಿಯಮ್ಮನ ಉಸಿರಿನ ವಿಷಯದಲ್ಲಿ ಸುಳ್ಳು ಹೇಳ್ತೀನಾ ನಾನು? ಇನ್ನು ಈ ಕೆಲಸಕ್ಕೆ ಬೇರೆಯವ್ರನ್ನ ನೋಡ್ಕೊಳ್ಳಿ.” ಬೆಸುಗೆ ಕಡ್ಡಿಯನ್ನು ಮೇಜಿನ ಮೇಲೆ ಇಟ್ಟು ಹೊರಟೇಬಿಟ್ಟ.

“ಹೋಗ್ಲಿ ಬಿಡು,” ಎಂದು ಅಕ್ಕ ಗೊಣಗಿದಳು. “ಕಳ್ಳನಿಗೇ ಕೋಪ ಜಾಸ್ತಿ.”

ಮಂಚದಿಂದ ತಂಗಿ ತಡವರಿಸಿದಳು. “ಅಕ್ಕಾ... ಚಳಿ. ಫ್ಯಾನ್... ಆರಿಸು.”

ಮಂಚದ ಕಾಲ ಕಡೆ ನಿಂತ ಫ್ಯಾನ್ ಅತ್ತಿತ್ತ ಕತ್ತು ತಿರುಗಿಸುತ್ತಿತ್ತು. ಅಕ್ಕ ಆರಿಸಿದಳು. ಪರದೆ ಒಂದು ಗಳಿಗೆ ಖಾಲಿಯಾಯಿತು. ಆಮೇಲೆ ಹದಿನೇಳು ಎಂದಿತು. ಹದಿನೆಂಟು. ಮತ್ತೆ ಹದಿನೇಳು.

ಅಕ್ಕ ಫ್ಯಾನ್ ಹಾಕಿದಳು. ಹನ್ನೆರಡು. ಅದರ ಕತ್ತಿನ ಓಡಾಟ ಎಣಿಸಿದಳು. ನಿಮಿಷಕ್ಕೆ ಆರು ಸಲ ಹೋಗಿ ಬರುತ್ತದೆ. ಪೆಟ್ಟಿಗೆಯ ಎದುರು ಹಾಯುವುದು ಹನ್ನೆರಡು ಸಲ.

ಅಯ್ಯೋ ದೇವರೇ! ಚಾವಣಿಯ ಫ್ಯಾನ್ ರೆಕ್ಕೆಗಳ ವೇಗದ ಸುತ್ತಾಟವನ್ನು ಪೆಟ್ಟಿಗೆ ಸೋಸಿ ಬಿಸಾಡಲಿ ಎಂದು ವಿನ್ಯಾಸ ಮಾಡಿದವಳು ಅವಳೇ. ಈ ಮನೆಯ ಚಾವಣಿಯಲ್ಲಿ ಈಗ ಫ್ಯಾನೇ ಇರಲಿಲ್ಲ. ಕೊಂಡಿ ಯಾವಾಗ ಕೈಕೊಡುತ್ತದೋ, ತಂಗಿಯ ಮೇಲೆ ಬಿದ್ದರೆ ಏನು ಗತಿ ಎಂದು ಅನುಮಾನಪಟ್ಟು, ಇದ್ದದ್ದನ್ನು ಬಿಚ್ಚಿಸಿ, ಈ ಕತ್ತು ತಿರುಗಿಸುವುದನ್ನು ತಂದು ನಿಲ್ಲಿಸಿದವಳೂ ಅವಳೇ. ಅದರ ನಿಧಾನದ ಓಡಾಟ ಉಸಿರಿನ ಲೆಕ್ಕದೊಳಗೇ ಸೇರಿಕೊಂಡಿತ್ತು. ತಂಗಿಯ ಉಸಿರು ನಿಂತೇ ಹೋಗಿದ್ದರೂ ಪೆಟ್ಟಿಗೆ ಆರಾಮವಾಗಿ ಹನ್ನೆರಡು ಎನ್ನುತ್ತಲೇ ಇರುತ್ತಿತ್ತು.

ಪಕ್ಕದ ಮನೆಯವಳನ್ನು ಕರೆದು ಕೂರಿಸಿ, ಪುಸ್ತಕ ಹಿಡಿದು ಬಸ್ ನಿಲ್ದಾಣಕ್ಕೆ ಓಡಿದಳು. ಬೀಗದ ಯೋಚನೆ ಬರಲಿಲ್ಲ. ಬೆಸುಗೆಪ್ಪ ಬೆಂಚಿನ ಮೇಲೆ ಕೂತಿದ್ದ.

“ತಪ್ಪು ನಂದು ಕಣೋ,” ಎಂದಳು.

ಅವನು ಕಣ್ಣು ಕಿರಿದು ಮಾಡಿದ. “ಇದ್ರಲ್ಲಿ ಏನೋ ಇದೆ.”

“ಏನೂ ಇಲ್ಲ. ನೋಡು.” ಪುಸ್ತಕ ತೆಗೆದು ಅಲ್ಲೇ ಬರೆದಳು. ಯಾರ ಮೇಲೆ ಅನುಮಾನ: ನನ್ನ ಮೇಲೆ. ಅವನು ಅದನ್ನು ಎರಡು ಸಲ ಓದಿದ. ಹಾಳೆ ಮಗುಚಿ ಹಿಂದೆ ಏನಾದರೂ ಇದೆಯಾ ಎಂದೂ ನೋಡಿದ. ಆಮೇಲೆ ಫ್ಯಾನಿನ ಕಥೆ ಪೂರ್ತಿ ಕೇಳಿಸಿಕೊಂಡ.

“ಪೆಟ್ಟಿಗೆಗೂ ನಿಮ್ಮ ಬುದ್ಧಿ ಸ್ವಲ್ಪ ಕಲಿಸ್ಬೇಕು ಅಕ್ಕಾ,” ಎಂದ. “ಉಸಿರು ತೀರಾ ಒಂದೇ ಸಮ ಕಂಡ್ರೆ ಅದನ್ನೂ ನಂಬಬಾರ್ದು. ಕೂಗ್ಕೋಬೇಕು.”

ಮೂರು ವಾರ ಹಿಡಿಯಿತು. ಕೊನೆಗೆ ಅಕ್ಕ ತಾನೇ ಮಂಚದ ಮೇಲೆ ಮಲಗಿ, ಫ್ಯಾನ್ ತಿರುಗುತ್ತಿರುವಾಗಲೇ ಉಸಿರು ಬಿಗಿಹಿಡಿದಳು. ಪೆಟ್ಟಿಗೆ ಮನೆ ಹಾರಿಹೋಗುವಂತೆ ಕೂಗಿಕೊಂಡಿತು. ಹತ್ತು ಸಲ ಮಾಡಿದಳು, ಹತ್ತು ಸಲವೂ ಕೂಗಿತು. ಹನ್ನೊಂದನೆಯದಕ್ಕೆ ಬೆಸುಗೆಪ್ಪ ಕೈಮುಗಿದ. ಆಮೇಲೆ ಫ್ಯಾನನ್ನೂ ಪೆಟ್ಟಿಗೆಯ ಕಣ್ಣಿಗೆ ಬೀಳದ ಮೂಲೆಗೆ ಸರಿಸಿದರು.

ತಂಗಿಯನ್ನು ಮಲಗಿಸಿ ಅಕ್ಕ ಎಂದಿನಂತೆ ಹೊಟ್ಟೆಯ ಮೇಲೆ ಕೈಯಿಟ್ಟಳು.

“ಅಕ್ಕಾ,” ಎಂದಳು ತಂಗಿ. “ಆರು ವರ್ಷ ಆಯ್ತು... ಒಬ್ಳೇ ಮಲಗಿ. ಕೈ... ತೆಗಿ. ಬಾಗಿಲು ಹಾಕ್ಕೊಂಡು ಹೋಗು.”

ತನ್ನ ಕೈ ತಂಗಿಗೆ ಭಾರವಾಗಿರಬಹುದು ಎನ್ನುವ ಅನುಮಾನವೊಂದು ಮಾತ್ರ ಅಕ್ಕನಿಗೆ ಈ ಆರು ವರ್ಷದಲ್ಲಿ ಬಂದಿರಲಿಲ್ಲ. ಕೈ ತೆಗೆದಳು. ಬಾಗಿಲು ಹಾಕಿ, ಹೊರಗಿನ ಕುರ್ಚಿಯಲ್ಲಿ ಕೂತು, ಪರದೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಹದಿನೇಳು. ಹದಿನೆಂಟು. ಹದಿನಾರು. ಒಂದು ಸಲ ಎದ್ದು ಚಿಲಕದ ಮೇಲೆ ಕೈಯಿಟ್ಟಳು. ಬೆಸುಗೆಪ್ಪ ನೋಡಿಯೂ ನೋಡದಂತೆ ಇದ್ದ. ಅವಳು ಬಾಗಿಲು ತೆರೆಯದೆ ವಾಪಸು ಬಂದು ಕೂತಳು.