ಕಿವಿಯ ಹಿಂದಿನ ಬಿಳಿ ಕೂದಲು

ನಮ್ಮತ್ತೆಯ ಬೆರಳುಗಳು ಕಬ್ಬಿನ ಗಣ್ಣಿನಂತೆ ದಪ್ಪ, ಬಿರುಸು. ತಲೆ ಬಾಚಲು ಕೂತರೆ ಬೈತಲೆ ಸೀಳಿಯೇ ಬಿಡುವಳೇನೋ ಅನ್ನಿಸುತ್ತಿತ್ತು. ಮಾತೂ ಹಾಗೇ. ಹುಕ್ಕೇರಿ ಸಂತೆಯಲ್ಲಿ ಆಕೆ ಚೌಕಾಸಿಗೆ ನಿಂತರೆ ಬದನೆಕಾಯಿಯವಳು ಬೇರೆ ಕಡೆ ಮುಖ ತಿರುಗಿಸುತ್ತಿದ್ದಳು.

ಆಕೆ ನನ್ನನ್ನು ನೋಡಲು ನನ್ನ ತವರು ಕುಲಗೋಡಕ್ಕೆ ಬಂದದ್ದು ಸ್ವಾತಂತ್ರ್ಯ ಬಂದ ನಾಲ್ಕಾರು ವರ್ಷಕ್ಕೆ. ಕನ್ಯೆ ನೋಡಲು ಬಂದ ಹೆಂಗಸರು ಜಡೆ ಬಿಚ್ಚಿ ಕೂದಲು ನೋಡುವುದು ನಮ್ಮ ಕಡೆಯ ರೂಢಿ. ನನ್ನ ಕಿವಿಯ ಹಿಂದೆ ರೂಪಾಯಿಯಗಲ ಕೂದಲು ಉದುರಿ ನುಣ್ಣಗಾಗಿತ್ತು. ಅದನ್ನು ಕಂಡೇ ಒಂದು ಸಂಬಂಧ ಮುರಿದಿತ್ತು. ಈಗ ಅಲ್ಲಿ ಮತ್ತೆ ಕೂದಲು ಬರುತ್ತಿತ್ತು, ಆದರೆ ಹತ್ತಿಯ ಎಳೆಯಂತೆ ಬೆಳ್ಳಗೆ. ಮದುವೆಯ ವಯಸ್ಸಿನ ಹುಡುಗಿಗೆ ಬಿಳಿ ಕೂದಲು! ಅವ್ವ ಅದರ ಮೇಲೆ ಕಾಡಿಗೆ ತಿಕ್ಕಿ, ಬಿಗಿಯಾಗಿ ಜಡೆ ಹಾಕಿದ್ದಳು.

ಅತ್ತೆ ಜಡೆ ಬಿಚ್ಚಿದಳು. ಬೆರಳು ಕಿವಿಯ ಹಿಂದೆ ಬಂದು ನಿಂತಿತು. ಬಾಗಿಲಲ್ಲಿ ಅವ್ವ ಸೆರಗು ಕಚ್ಚಿಕೊಂಡು ನಿಂತಿದ್ದಳು. ಬೆರಳು ಹೊರಬಂದಾಗ ತುದಿಯೆಲ್ಲ ಕಪ್ಪು.

"ಏನ್ರಿ ಅದು?" ಜೊತೆಗೆ ಬಂದಿದ್ದ ಹೆಂಗಸು ಬಗ್ಗಿ ನೋಡಿದಳು.

ಅತ್ತೆ ಆ ಬೆರಳನ್ನು ನನ್ನ ಕೆನ್ನೆಗೆ ಒತ್ತಿ ಬೊಟ್ಟಿಟ್ಟಳು. "ಹುಡಿಗಿ ಚಂದ ಅದಾಳ. ದೃಷ್ಟಿ ಆಗಬಾರದಂತ ಅವರವ್ವ ಕಿವಿ ಹಿಂದ ಕಾಡಗಿ ಹಚ್ಯಾಳ, ನಾ ಗಲ್ಲಕ್ಕ ಹಚ್ಚಿದೆ," ಎಂದು ತಾನೇ ಜಡೆ ಹೆಣೆದಳು.

ಮದುವೆಯಾದ ಮೇಲೆ ಬಚ್ಚಲಲ್ಲಿ ಕೂರಿಸಿ ಸೀಗೆಕಾಯಿ ಹಾಕಿ ತಿಕ್ಕಿದಳು. "ಇನ್ನ ಮಸಿ ಬಳಕೋಬ್ಯಾಡ. ನನ್ನ ತಮ್ಮನ ಗಡ್ಡದಾಗ ಹಿಂಗ ಆಗಿತ್ತು. ಮದಲ ಬಿಳಿ ಬರತಾವ, ಆಮ್ಯಾಲ ಕರಿ ಆಗತಾವ. ಕಿತ್ತಬ್ಯಾಡ ಅಷ್ಟ."

ದಿನಾ ಬಾಗಿಲು ಹಾಕಿಕೊಂಡು ಆಕೆಯೇ ನನ್ನ ತಲೆ ಬಾಚುತ್ತಿದ್ದಳು. ಗಂಡನ ಕಣ್ಣಿಗೆ ಬಿದ್ದರೆ ಗತಿಯೇನೆಂದು ನಾನು ತಲೆ ಮೇಲಿನ ಸೆರಗು ಸರಿಯಗೊಡುತ್ತಿರಲಿಲ್ಲ. ಆ ಜಾಗ ತುಂಬುವಷ್ಟರಲ್ಲಿ ನೆತ್ತಿಯ ಬಳಿ ಇನ್ನೊಂದು ಬೋಳು ಕಾಣಿಸಿತು.

"ತವರಿಗೆ ಕಳಸ್ತೀರೇನ್ರಿ, ಅತ್ತಿ?"

"ಬರತಾವ ಅಂದ್ನಿಲ್ಲ? ಸುಮ್ನ ಕುಂದರು!" ಎಂದು ಗದರಿದಳು. ಅಲ್ಲಿಯೂ ಬೆಳ್ಳಗೆ ಹುಟ್ಟಿ, ನಿಧಾನಕ್ಕೆ ಕಪ್ಪಾಯಿತು.

ಕೆಲವು ವರ್ಷಗಳ ಮೇಲೆ ಆಕೆ ತೀರಿಕೊಂಡಳು. ಆಕೆಯ ಹೆಣ್ಣುಮಕ್ಕಳಿಗಿಂತ ಹೆಚ್ಚು ನಾನೇ ಗೋಳಾಡಿದೆ. ಯಾಕೆಂದು ಗಂಡನಿಗೆ ಮೊದಲ ಸಲ ಹೇಳಿದೆ. "ಅತ್ತಿ ನನ್ನ ಮಾನ ಕಾದ್ರು. ನಿಮಗೂ ಹೇಳಲಿಲ್ಲ."

ಅವರು ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡರು.

"ಹೇಳಿದ್ಲು. ಕುಲಗೋಡದಿಂದ ಬಂದ ದಿನಾನ ಹೇಳಿದ್ಲು. 'ಹುಡಿಗಿ ತಲ್ಯಾಗ ಹಿಂಗೈತಿ. ಕೂದಲ ಬರತಾವೋ ಬಿಡತಾವೋ ನನಗೂ ಗೊತ್ತಿಲ್ಲ. ಬ್ಯಾಡಂದ್ರ ಈಗ ಅನ್ನು. ಹೂಂ ಅಂದ್ರ, ಮುಂದ ಆಕಿ ಎದುರಿಗೆ ಒಮ್ಮಿನೂ ಬಾಯಿ ತಗೀಬ್ಯಾಡ' ಅಂದ್ಲು. ನಾ ಹೂಂ ಅಂದೆ."