ಬಾನೆಟ್ಟಿನ ಎರಡು ತೂತು

ಹಳಿಯಾಳದ ಆ ಮಿಸ್ತ್ರಿ ಯಾವ ಹಳೆಯ ಗಾಡಿ ಬಂದರೂ ಬೆರಳ ಗೆಣ್ಣಿನಿಂದ ಬಡಿದು, ಕಿವಿಗೊಟ್ಟು, “ಬಣ್ಣ ಸುಳ್ಳ ಹೇಳತೈತ್ರಿ, ತಗಡ ಹೇಳಂಗಿಲ್ಲ” ಎನ್ನುತ್ತಿದ್ದರು. ಹರಾಜಿನಲ್ಲಿ ಕೊಂಡ ನನ್ನ ಮಿಲಿಟರಿ ಜೀಪನ್ನೂ ಹಾಗೆಯೇ ಬಡಿದರು. ನನಗೆ ಅದರ ಯುದ್ಧದ ಕಥೆ ಬೇಕಿತ್ತು. ಬಣ್ಣ, ಅದರಡಿ ಮೆತ್ತಿದ್ದ ಪುಟ್ಟಿ ಕೆರೆದಾಗ ಬಾನೆಟ್ಟಿನ ಮೇಲೆ ಎರಡು ತೂತು ಕಂಡವು.

“ಗುಂಡು ತಾಗಿದ್ದೇನ್ರಿ?” ಎಂದೆ.

“ಅಲ್ರಿ ಸಾಹೇಬ್ರ, ಮೈಕಿನ ಭೋಂಗಾ, ಅದ ಲೌಡ್‌ಸ್ಪೀಕರ್, ಕೂಡ್ರಿಸಿದ್ದು. ಮಿಲಿಟರಿ ಬಿಟ್ಟ ಮ್ಯಾಲ ಇದು ಜೊಯಿಡಾ ಕಡೆ ನಮ್ಮೂರಿಗೆ ಬಂದಿತ್ತು. ನಾವಾಗ ಸಣ್ಣ ಹುಡುಗ್ರು, ಬರೇ ಕೊಂಕಣಿ ಬರ್ತಿತ್ತು. ಸಿನಿಮಾ ಬಂತಂತ ತಿಳದು ನಕ್ಕೋತ ಹಿಂದ ಓಡಿದ್ವಿ. ಅದು ಕನ್ನಡದಾಗ, ಡ್ಯಾಮಿಗೆ ಊರ ಮುಳಗತೈತಿ, ಖಾಲಿ ಮಾಡ್ರಿ ಅಂತಿತ್ತು.”

“ಇದೇ ಜೀಪೇನು?”

ಅವರು ಬಾನೆಟ್ಟನ್ನು ಬಡಿದು ತೋರಿಸಿದರು, ಅಷ್ಟೇ. ಆಮೇಲೆ, “ಇವನ್ನ ಮುಚ್ಚೂದು ಬ್ಯಾಡ್ರಿ” ಎಂದರು.

ನಾನು ಹಿಂಜರಿದೆ ಎಂದು ಈಗ ಬರೆಯಬಹುದು. ಹಿಂಜರಿಯಲಿಲ್ಲ. ಆಗಸ್ಟ್ ಹದಿನೈದರ ಮೆರವಣಿಗೆಗೆ ನನಗೆ ಯುದ್ಧದ ಜೀಪೇ ಬೇಕಿತ್ತು. ಮುಚ್ಚಿ ಎಂದೆ. ತೂತು ಎಲ್ಲಿದ್ದವೆಂದು ಬೆರಳಿಗೂ ಸಿಗದಂತೆ ಅವರು ಬೆಸೆದು, ತಿಕ್ಕಿ, ಹಸಿರು ಬಳಿದರು. ಕೊನೆಗೆ ಗೆಣ್ಣಿನಿಂದ ಒಮ್ಮೆ ಬಡಿದು ಕಿವಿಗೊಟ್ಟರು.

“ತಗಡೂ ಸುಳ್ಳ ಹೇಳೂದು ಕಲೀತ್ರಿ” ಎಂದರು.