ಎಡದಿಂದ ಬಲಕ್ಕೆ ಸರಿದ ವಾಚು

ಅಕ್ಕನ ವಾಚು ಕೈಗೆ ಕಟ್ಟುವಂಥದ್ದಲ್ಲ. ಬಿಳಿ ಯೂನಿಫಾರ್ಮಿನ ಎಡ ಎದೆಗೆ ಪಿನ್ನು ಹಾಕಿದ, ತಲೆಕೆಳಗಾಗಿ ತೂಗುವ ನರ್ಸುಗಳ ವಾಚು. ಗದ್ದ ಇಳಿಸಿ ಅದನ್ನು ನೋಡಿದಳೆಂದರೆ ಕಿರಿಯ ನರ್ಸುಗಳಾದ ನಮಗೆ ನಡುಕ. "ಆರು ಗಂಟೆಯ ಇಂಜೆಕ್ಷನ್ನು ಆರೂ ಐದಕ್ಕೆ ಕೊಟ್ಟೆಯಲ್ಲ, ಆ ಐದು ನಿಮಿಷ ಎಂತ ನಿನ್ನ ಅಪ್ಪನದ್ದಾ?" ಎಂದು ಎಲ್ಲರೆದುರೇ ಬೈಯುತ್ತಿದ್ದಳು. ಆಮೇಲೆ ಗಂಜಿ ಬೇಯಿಸಿ ಊಟಕ್ಕೆ ಕರೆಯುವವಳೂ ಅವಳೇ.

ಎಂಬತ್ತರ ದಶಕದ ಆರಂಭ. ಸಂತೆಕಟ್ಟೆಯ ಕೊಂಕಣಿ ಕ್ರೈಸ್ತರ ಮನೆಯ ಅವಳೂ ಬಜಗೋಳಿಯ ನಾನೂ ಲಿಬಿಯಾದ ಒಂದು ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದು ಒಂದೇ ಕೋಣೆಯಲ್ಲಿದ್ದೆವು. ಒಂದು ದಿನ ನೋಡಿದರೆ ವಾಚು ಬಲಗಡೆಗೆ ಬಂದಿತ್ತು. "ಎಂತಕ್ಕ ಇದು?" ಎಂದರೆ "ಆ ಕಡೆ ಪಿನ್ನು ಚುಚ್ಚುತ್ತದೆ" ಎಂದಳು. ನರ್ಸಾದ ನಾನು ಅದನ್ನು ನಂಬಿದೆ. ನನ್ನ ಬುದ್ಧಿಗೆ ಏನಾಗಿತ್ತೋ!

ಅದೇ ತಿಂಗಳು ಇಬ್ಬರಿಗೂ ರಜೆ ಹಾಕಿಸಿ, ಮಾಲ್ಟಾ ದ್ವೀಪ ನೋಡುವ ಎಂದು ನನ್ನನ್ನು ಹಡಗು ಹತ್ತಿಸಿದಳು. ಇಡೀ ಊರೇ ಬೆಲ್ಲದ ಬಣ್ಣದ ಕಲ್ಲಿನದು. ಜನರ ಮಾತು ನಮ್ಮ ವಾರ್ಡಿನ ಅರಬ್ಬಿಯ ಹಾಗೆ ಕೇಳುತ್ತಿತ್ತು. ದೇವರಿಗೆ ಅಲ್ಲಾ ಎನ್ನುತ್ತಲೇ ಶಿಲುಬೆಯ ಗುರುತು ಹಾಕಿಕೊಳ್ಳುತ್ತಿದ್ದರು. ನಾನು ಬಾಯಿ ಬಿಟ್ಟು ನೋಡುವುದನ್ನು ಕಂಡು ಅಕ್ಕ ನಕ್ಕಳು. "ನಾವು ಶಿಲುಬೆ ಹಾಕಿ 'ದೇವಾ' ಅಂದಾಗ ನಿಮ್ಮವರು ಹೀಗೇ ನೋಡುವುದಲ್ವಾ ಮಾರಾಯ್ತಿ."

ಅಲ್ಲಿಯ ಇಗರ್ಜಿಗೆ ಎರಡು ಗೋಪುರ, ಎರಡು ಗಡಿಯಾರ. ಒಂದು ಸರಿ, ಇನ್ನೊಂದು ತಪ್ಪು. ಪೂಜೆಯ ಹೊತ್ತು ಸೈತಾನನಿಗೆ ತಿಳಿಯದಿರಲೆಂದು ಬೇಕೆಂದೇ ಹಾಗೆ ಇಟ್ಟಿದ್ದಾರೆಂದು ಮೇಣದಬತ್ತಿ ಮಾರುವ ಮುದುಕಿ ಹೇಳಿದಳು. ಐದು ನಿಮಿಷವನ್ನೂ ಕ್ಷಮಿಸದ ಅಕ್ಕ ಆ ತಪ್ಪು ಗಡಿಯಾರವನ್ನೇ ತುಂಬಾ ಹೊತ್ತು ನೋಡಿದಳು. ಆಮೇಲೆ, "ಇಲ್ಲೇ ಕೂತಿರು, ನನಗೆ ಸಣ್ಣ ಕೆಲಸ ಉಂಟು" ಎಂದು ಹೋದವಳು ಎರಡೂವರೆ ಗಂಟೆ ಬರಲಿಲ್ಲ. ಹಸಿವೂ ಸಿಟ್ಟೂ ಸೇರಿ ನಾನು ಕುದಿಯುತ್ತಿದ್ದೆ.

ಬಂದು ಪಕ್ಕದಲ್ಲಿ ಕೂತಳು. ಡಾಕ್ಟರರನ್ನು ನೋಡಲಿಕ್ಕೇ ಬಂದದ್ದಂತೆ; ನಮ್ಮ ಆಸ್ಪತ್ರೆಯಲ್ಲಿ ತೋರಿಸಿದರೆ ಸುದ್ದಿ ಊರಿಗೆ ಮುಟ್ಟುತ್ತದಂತೆ. ಎಡ ಎದೆಯಲ್ಲಿ ಗಂಟು. ತಿಂಗಳೊಳಗೆ ಆಪರೇಷನ್ ಆಗಬೇಕು ಎಂದಿದ್ದಾರೆ.

"ನಾಳೆಯೇ ಊರಿಗೆ ಹೋಗುವ, ಮಣಿಪಾಲದಲ್ಲಿ ಮಾಡಿಸುವ" ಎಂದೆ.

"ಈಸ್ಟರ್ ಕಳೆದು ತಂಗಿಯ ಮದುವೆ. ಚಿಕ್ಕಮ್ಮ ಹೋದದ್ದೂ ಇದೇ ಕಾಯಿಲೆಯಲ್ಲಿ. ನನಗೂ ಬಂದಿದೆ ಅಂತ ಗೊತ್ತಾದರೆ ಗಂಡಿನವರು ಆ ಮನೆಯ ಹುಡುಗಿ ಬೇಡ ಅಂತಾರೆ. ಮದುವೆ ಆಗಲಿ."

"ಇನ್ನೂ ಎಂಟು ತಿಂಗಳು ಉಂಟಕ್ಕ! ನಿನಗೆ ತಲೆ ಸರಿ ಉಂಟಾ?" ಬೀದಿಯಲ್ಲೇ ಕಿರುಚಿದೆ. ಅವಳು ನನ್ನ ಕೈ ಎಳೆದು ತನ್ನ ತಲೆಯ ಮೇಲಿಟ್ಟು, ಯಾರಿಗೂ ಹೇಳುವುದಿಲ್ಲವೆಂದು ಆಣೆ ಹಾಕಿಸಿದಳು. ಮತ್ತೆ ಕ್ಯಾಮರಾ ಕೊಟ್ಟಳು. "ಒಂದು ಫೋಟೋ ತೆಗಿ. ಎರಡೂ ಗಡಿಯಾರ ಬರಬೇಕು ನೋಡು."

ನಾನು ತೆಗೆದೆ. ಅವಳ ಮನೆಯವರಿಗೆ ಕಾಗದ ಬರೆಯುವಾಗ "ಅಕ್ಕ ಚೆನ್ನಾಗಿದ್ದಾಳೆ" ಎಂದು ನಾನೂ ಬರೆದೆ. ಆಣೆಗೆ ಹೆದರಿದೆ ಎನ್ನುವುದು ಅರ್ಧ ನಿಜ. ಅವಳ ಬೈಗುಳಕ್ಕೂ ಹೆದರಿದೆ. ಮದುವೆ ಚೆನ್ನಾಗಿ ಆಯಿತು. ಆಮೇಲೆ ಆಪರೇಷನ್ ಮಾಡಿ ಎಂತ ಪ್ರಯೋಜನ? ಮರುಮಳೆಗಾಲಕ್ಕೆ ಅವಳಿಲ್ಲ.

ಕೆಲಸ ಬಿಟ್ಟು ಬಂದವಳು ಸಂತೆಕಟ್ಟೆಯ ಆ ಮನೆಗೆ ಹೋದೆ. ಗೋಡೆಯಲ್ಲಿ ಅದೇ ಫೋಟೋ. ಅವಳ ತಾಯಿ ಅದರ ಗಾಜನ್ನು ಸೆರಗಿನಿಂದ ಒರೆಸಿ ಕೇಳಿದರು, "ಮಗಾ, ಈ ಫೋಟೋ ತೆಗೆಯುವಾಗ ಅವಳಿಗೆ ಗೊತ್ತಿತ್ತಾ?"

"ಇಲ್ಲ ಬಾಯಮ್ಮ."

"ನಿನಗೆ?"

ತಂಗಿ ಒಳಗಿನಿಂದ ಚಾ ತಂದು ಬಾಗಿಲಲ್ಲಿ ನಿಂತಿದ್ದಳು, ತುಂಬಿದ ಬಸುರಿ. ನನ್ನ ಬಾಯಿಯನ್ನೇ ನೋಡುತ್ತಿದ್ದಳು. ನಿಜ ಹೇಳಿದರೆ ಆ ಸಾವು ಹೋಗಿ ಅವಳ ತಲೆಯ ಮೇಲೆ ಕೂರುತ್ತಿತ್ತು.

"ನನಗೂ ಗೊತ್ತಿರಲಿಲ್ಲ" ಎಂದೆ. ತಾಯಿ ನನ್ನ ಮುಖವನ್ನೇ ನೋಡಿದರು. "ನೀನು ನರ್ಸಲ್ವಾ ಮಗಾ" ಎಂದರು, ಅಷ್ಟೇ. ತಂಗಿ ಕೊಟ್ಟ ಚಾ ಕುಡಿದು ಎದ್ದು ಬಂದೆ. ಆ ಮನೆಗೆ ಮತ್ತೆ ಹೋಗುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ.